ಕಲ್ಲಿಲ್ಲದ ಸಾಲು

ಫೆಬ್ರವರಿ 3

ಅಪ್ಪನವರಿಗೆ,

ನೀವು ನನ್ನ ಫೋನ್ ಎತ್ತುವುದಿಲ್ಲ. ತಂಗಿ ಗುಬ್ಬಿಯ ಫೋನಿಗೆ ಮಾಡಿದರೆ, ನನ್ನ ದನಿ ಕಿವಿಗೆ ಬಿದ್ದ ಕೂಡಲೇ ಅದನ್ನು ಅವಳ ಕೈಗೆ ತುರುಕಿ ಎದ್ದು ಹೋಗುತ್ತೀರಂತೆ. ಅದಕ್ಕೇ ಕಾಗದ. ಹರಿದು ಹಾಕುವ ಕಾಗದವನ್ನೂ ಒಮ್ಮೆ ಓದಿ ಹರಿಯುವವರು ನೀವು, ಅಷ್ಟು ನಂಬಿಕೆ ಉಳಿದಿದೆ.

ವಿಷಯ ಅಮ್ಮನದು. ಸಮಾಧಿ ತೋಟದ ಗೇಟಿಗೆ ಸಮಿತಿಯವರು ನೋಟಿಸು ಅಂಟಿಸಿದ್ದಾರೆಂದು ಗುಬ್ಬಿ ಹೇಳಿದಳು. ಜಾಗ ಸಾಲುತ್ತಿಲ್ಲವಂತೆ. ಹತ್ತು ವರ್ಷ ದಾಟಿದ, ಕಲ್ಲು ಹಾಕಿಸದ ಸಮಾಧಿಗಳನ್ನು ಜೂನ್ ಮುಗಿದ ಮೇಲೆ ಅಗೆದು ಬೇರೆಯವರಿಗೆ ಕೊಡುತ್ತಾರಂತೆ. ಅಮ್ಮ ಹೋಗಿ ಹನ್ನೊಂದು ವರ್ಷವಾಯಿತು. ಅವಳ ಮೇಲೆ ಕಲ್ಲಿಲ್ಲ. ಯಾಕಿಲ್ಲ ಎನ್ನುವುದು ಆ ದಿನ ಗುಂಡಿಯ ಸುತ್ತ ನಿಂತಿದ್ದವರಿಗೆಲ್ಲ ಗೊತ್ತು. "ಕಲ್ಲು ಯಾಕೆ? ಸಿಮೆಂಟ್ ಒಣಗೋದ್ರೊಳಗೆ ಕರ್ತ ಬರ್ತಾನೆ. ಇವಳೇ ಎದ್ದು ಬರ್ತಾಳೆ" ಅಂದಿರಿ. ಸಭೆಯೆಲ್ಲ "ಆಮೆನ್" ಅಂದಿತು.

ಸಮಿತಿಯ ಆಫೀಸಿಗೆ ಫೋನ್ ಮಾಡಿ, ಕಲ್ಲು ನಾನೇ ಹಾಕಿಸುತ್ತೇನೆ ಎಂದೆ. ಗುಮಾಸ್ತ ಒಳ್ಳೆಯವನೇ. "ಅಮ್ಮಾ, ಗಂಡ ಬದುಕಿರೋವಾಗ ಮಗಳ ಸಹಿ ನಡೆಯಲ್ಲ. ಅವರದೊಂದು ಸಹಿ ಹಾಕಿಸ್ಕೊಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದ. ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದ ಕೈ ನಿಮ್ಮದು. ಅದರಿಂದ ಒಂದು ಸಹಿ, ಅಷ್ಟೇ.

"ನೀನು" ಬಿಟ್ಟು "ನೀವು" ಎಂದು ಬರೆದದ್ದಕ್ಕೆ ಹುಬ್ಬೇರಿಸಬೇಡಿ. ಹೋದ ವರ್ಷ ಭಾನುವಾರದ ತರಗತಿಯಲ್ಲಿ ಒಬ್ಬ ಹುಡುಗಿ, "ಅಕ್ಕಾ, ಯೇಸು 'ಈ ಸಂತತಿ ಮುಗಿಯೋ ಮೊದಲೇ ಎಲ್ಲಾ ಆಗುತ್ತೆ' ಅಂದ್ರಲ್ಲ, ಯಾವ ಸಂತತಿ ಅದು?" ಎಂದು ಕೇಳಿದಳು. ಎದುರಿಗೆ ನಿಂತು ಕೇಳುತ್ತಿದ್ದವರ ಸಂತತಿ, ಎಂದೆ. ನಲವತ್ತು ವರ್ಷ ತುಂಬುವಷ್ಟರಲ್ಲಿ ರೋಮಿನ ಸೈನ್ಯ ಬಂದು ದೇವಾಲಯ ಕೆಡವಿತು, ಆ ಮಾತು ಅಲ್ಲಿಗೆ ನೆರವೇರಿತು, ಎಂದೆ. ಮುಂದಿನ ವಾರ ನೀವು ಪೀಠದ ಮೇಲೆ ನಿಂತು, ನನ್ನ ಹೆಸರು ಹಿಡಿದು ಕರೆದು, ಇವಳ ಜೊತೆ ಯಾರೂ ಊಟಕ್ಕೂ ಕೂರಬಾರದು ಎಂದಿರಿ. ನಾನು ಗಂಟುಮೂಟೆ ಕಟ್ಟಿಕೊಂಡು ಈ ಊರಿಗೆ ಬಂದೆ. ಹೊರಗೆ ಹಾಕಿಸಿಕೊಂಡವಳು ಹೊರಗಿನವರ ಹಾಗೆಯೇ ಮಾತಾಡಬೇಕಲ್ಲವೇ?

ಫಾರಂ ಇದರ ಜೊತೆಗಿದೆ.

ನಿಮ್ಮ ದೊಡ್ಡ ಮಗಳು

*

ಫೆಬ್ರವರಿ 20

ಮಗಳೇ,

ನಿನ್ನ ಬಹುವಚನ ತಲುಪಿತು. ಪ್ರಾರ್ಥನೆಯ ಹಾಲಿನ ಕೆಳಗಿನ ಟೈರ್ ಅಂಗಡಿಯವನು ನನ್ನನ್ನು "ಅಯ್ಯನವರೇ" ಎನ್ನುತ್ತಾನೆ. ಅವನ ಬಾಯಲ್ಲಿ ಅದು ಮರ್ಯಾದೆ. ನಿನ್ನ ಬಾಯಲ್ಲಿ ಚಿವುಟಿದ ಹಾಗಿದೆ.

ಫಾರಂ ವಾಪಸು ಕಳಿಸಿದ್ದೇನೆ. ಸಹಿ ಹಾಕಿಲ್ಲ.

ಪ್ರಾರ್ಥನೆಯ ಹಾಲಿನ ಗೋಡೆಯ ಚಿತ್ರ ನಿನಗೆ ಮರೆತಿರಲಾರದು. ಬಾಗಿಲಿನಿಂದ ಪೀಠದವರೆಗೆ, ಸೃಷ್ಟಿಯಿಂದ ಅಂತ್ಯದವರೆಗೆ. ಅದಕ್ಕೆ ನೀಲಿ ಕಲಸಿಕೊಟ್ಟವಳು ನೀನೇ, ಮೊಣಕೈವರೆಗೆ ಬಣ್ಣ ಮಾಡಿಕೊಂಡು. ಅಂತ್ಯಕ್ಕೆ ಒಂದು ಗೇಣು ಹಿಂದೆ ಕೆಂಪು ಬಾಣವಿದೆ: "ನಾವು ಇಲ್ಲಿದ್ದೇವೆ." ಆ ಬಾಣ ನಾನು ಕನಸಿನಲ್ಲಿ ಕಂಡದ್ದಲ್ಲ. ಎರಡು ಸಾವಿರ ವರ್ಷ ದಿಕ್ಕಾಪಾಲಾಗಿದ್ದ ಇಸ್ರಾಯೇಲ್ ಜನ ತಮ್ಮ ನೆಲಕ್ಕೆ ತಿರುಗಿ ಬಂದು, ಗ್ರಂಥದೊಳಗೆ ಮಲಗಿದ್ದ ಭಾಷೆಯನ್ನು ಎಬ್ಬಿಸಿ ಮನೆಮಾತು ಮಾಡಿಕೊಂಡು, ದೇಶವಾಗಿ ನಿಂತರು. ಭೂಮಿಯ ಮೇಲೆ ಇನ್ನಾವ ಜನಕ್ಕೆ ಹೀಗಾಗಿದೆ, ತೋರಿಸು. ಒಂದೇ ದಿನದಲ್ಲಿ ದೇಶ ಹುಟ್ಟೀತೇ ಎಂದು ಪ್ರವಾದಿ ಯೆಶಾಯ ಕೇಳಿದ್ದ. ಒಣಗಿದ ಎಲುಬುಗಳು ಎದ್ದು ನಿಲ್ಲುವುದನ್ನು ಯೆಹೆಜ್ಕೇಲ ಕಂಡಿದ್ದ.

ಇದೆಲ್ಲ ಅವರು ಕ್ರಿಸ್ತನಿಗೂ ಮೊದಲು ಬಾಬಿಲೋನಿನ ಸೆರೆಯಿಂದ ಬಂದಾಗಲೇ ಮುಗಿಯಿತು ಎನ್ನುತ್ತೀಯ. ಹಾಗಾದರೆ ಪ್ರವಾದಿ ಆಮೋಸನಿಗೆ ಏನು ಹೇಳುತ್ತೀಯ? ಅವರ ನೆಲದಲ್ಲಿ ನೆಟ್ಟವರನ್ನು ಇನ್ನೆಂದೂ ಕೀಳುವುದಿಲ್ಲ ಎಂದು ದೇವರು ಅವನ ಬಾಯಲ್ಲಿ ಆಡಿಸಿದ. ಬಾಬಿಲೋನಿನಿಂದ ಬಂದವರನ್ನು ರೋಮಿನವರು ಬೇರುಸಮೇತ ಕಿತ್ತರಲ್ಲ. ಕಿತ್ತ ಮೇಲೆ ಆ ಮಾತು ಆಗ ನೆರವೇರಿತ್ತು ಎನ್ನುವುದು ಹೇಗೆ? ಇದಕ್ಕೆ ಉತ್ತರ ಕೊಡು. ಆಮೇಲೆ ಸಹಿ ಕೇಳು.

ಕಲ್ಲು ಎಂದರೆ, ಇನ್ನೂ ಬಹಳ ಕಾಲ ಇಲ್ಲೇ ಇರುತ್ತೇವೆ ಎಂದು ಬರೆದುಕೊಟ್ಟ ಹಾಗೆ. ಬಸ್ಸು ತಿರುವಿನಲ್ಲಿ ಕಾಣುತ್ತಿರುವಾಗ ನಿಲ್ದಾಣದಲ್ಲಿ ಹಾಸಿಗೆ ಬಿಚ್ಚುವವನನ್ನು ಜನ ಏನೆನ್ನುತ್ತಾರೆ?

ಗುಬ್ಬಿ ಚೆನ್ನಾಗಿದ್ದಾಳೆ. ಕೀಬೋರ್ಡಿನಲ್ಲಿ ಎರಡು ಸ್ವರ ಏಳುತ್ತಿಲ್ಲ. ಅವನ್ನು ಬಿಟ್ಟು ನುಡಿಸುವುದನ್ನು ಕಲಿತುಬಿಟ್ಟಿದ್ದಾಳೆ.

ಅಪ್ಪ

*

ಮಾರ್ಚ್ 9

ಅಪ್ಪನವರಿಗೆ,

ಉತ್ತರ ಕೇಳಿದಿರಿ, ಕೊಡುತ್ತೇನೆ. ಆಮೋಸನ ಅದೇ ಕೊನೆಯ ಮಾತುಗಳಲ್ಲಿ ದಾವೀದನ ಬಿದ್ದ ಗುಡಾರವನ್ನು ಎತ್ತಿ ನಿಲ್ಲಿಸುತ್ತೇನೆ ಎಂದೂ ಇದೆ. ಯೆರೂಸಲೇಮಿನಲ್ಲಿ ಅಪೊಸ್ತಲರು ಸಭೆ ಸೇರಿದಾಗ ಅಲ್ಲಿನ ಹಿರಿಯ ಯಾಕೋಬ ಅದನ್ನೇ ಎತ್ತಿಕೊಂಡ. ಎಲ್ಲಾ ಜನಾಂಗದವರು ಒಳಗೆ ಬರುತ್ತಿದ್ದಾರಲ್ಲ, ಇದೇ ಅದು, ಎಂದ. ನೆಟ್ಟದ್ದು ಅಲ್ಲಿ ನೆಟ್ಟಾಯಿತು, ಯಾವ ಸೈನ್ಯವೂ ಅದನ್ನು ಕಿತ್ತಿಲ್ಲ. ಎಲುಬುಗಳ ಮಾತೂ ಅಷ್ಟೇ. ಸೆರೆಯಲ್ಲಿದ್ದವರು "ನಮ್ಮ ಎಲುಬು ಒಣಗಿತು, ನಿರೀಕ್ಷೆ ಮುಗಿಯಿತು" ಎಂದು ಅಳುತ್ತಿದ್ದರು. ಯೆಹೆಜ್ಕೇಲ ಅವರ ಮಧ್ಯೆ ಕೂತು ಅವರಿಗೆ ಹೇಳಿದ. ಪರ್ಷಿಯದ ಕೋರೆಷ ರಾಜ ಬಿಟ್ಟುಕೊಟ್ಟ, ಅವರು ಊರಿಗೆ ಹೋದರು. ಭೂಮಿಯ ವಿಷಯಕ್ಕೆ ಬಂದರೆ, ದೇವರು ಕೊಟ್ಟ ಮಾತುಗಳಲ್ಲಿ ಒಂದೂ ಬೀಳಲಿಲ್ಲ ಎಂದು ಯೆಹೋಶುವನ ಕಾಲದಲ್ಲೇ ಬರೆದಿಟ್ಟಿದ್ದಾರೆ.

ಎಲ್ಲಕ್ಕೂ ನನ್ನ ಹತ್ತಿರ ಉತ್ತರವಿದೆ ಎಂದು ಸುಳ್ಳು ಹೇಳುವುದಿಲ್ಲ. ಇಸ್ರಾಯೇಲರೆಲ್ಲರೂ ರಕ್ಷಣೆ ಹೊಂದುವರು ಎಂದು ಪೌಲ ಬರೆದದ್ದರ ಮುಂದೆ ನಾನೂ ಸುಮ್ಮನೆ ನಿಂತುಬಿಡುತ್ತೇನೆ.

ಆದರೆ ಬಸ್ಸು ಮತ್ತು ಹಾಸಿಗೆಯ ಮಾತು ಒಪ್ಪಲಾರೆ. ಇಸ್ರಾಯೇಲ್ ಎಂಬ ಹೆಸರನ್ನು ಮೊದಲು ಹೊತ್ತವನು ಹಳೆಯ ಯಾಕೋಬ. ದಾರಿಯಲ್ಲಿ ಹೆಂಡತಿ ಹೆತ್ತು ಸತ್ತಳು. ಅವಳ ಮೇಲೆ ಕಲ್ಲು ನಿಲ್ಲಿಸಿ ಮುಂದೆ ನಡೆದ. ಅವನೂ ಪ್ರಯಾಣದಲ್ಲೇ ಇದ್ದ ಅಪ್ಪಾ. ಯೆರೆಮೀಯನನ್ನು ನೋಡಿ. ಶತ್ರುಗಳು ಊರನ್ನು ಮುತ್ತಿದ್ದಾಗ, ನಾಳೆ ಎಲ್ಲ ಸುಟ್ಟುಹೋಗುತ್ತದೆಂದು ತಾನೇ ಸಾರುತ್ತಿದ್ದಾಗ, ಕೂತು ಹೊಲ ಕೊಂಡ. ಪ್ರವಾದಿಗಳೆಲ್ಲ ನಿಮಗಿಂತ ಗಟ್ಟಿಯಾಗಿ ನೆಲಕ್ಕೆ ಕಾಲೂರಿದವರು.

ಇಲ್ಲಿ ನನ್ನ ಕೆಲಸ ನಿಮಗೆ ಗೊತ್ತಲ್ಲ, ಕೃತಕ ಕಾಲು ಮಾಡುವುದು. ಕತ್ತರಿಸಿ ಉಳಿದ ಕಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುತ್ತೇನೆ. ಹೋದ ವಾರ ವಯಸ್ಸಾದ ಬಸ್ ಕಂಡಕ್ಟರೊಬ್ಬರು ಬಂದಿದ್ದರು. ಅಚ್ಚು ಬಿಗಿಯಾಗುವವರೆಗೆ ಅಲ್ಲಾಡಬಾರದು, ಸುಮ್ಮನೆ ಕೂತಿದ್ದವರು ಇದ್ದಕ್ಕಿದ್ದ ಹಾಗೆ, "ಮೇಡಂ, ನನ್ನ ಕಾಲನ್ನ ಎಲ್ಲಿ ಹಾಕಿದ್ರು?" ಎಂದರು. ಆಪರೇಷನ್ ಮಾಡಿದ ಆಸ್ಪತ್ರೆಯವರನ್ನೇ ಕೇಳಬೇಕು ಎಂದೆ. "ಕೇಳ್ದೆ. ನಕ್ಕರು. ಇಷ್ಟು ವರ್ಷ ನನ್ನ ಹೊತ್ತ ಕಾಲು ಅದು. ಎಲ್ಲಿದೆ ಅಂತಾದ್ರೂ ಗೊತ್ತಿರಬೇಡ್ವಾ?" ಎಂದರು. ಒಂದು ಕಾಲಿಗೆ ಒಬ್ಬ ಮನುಷ್ಯ ಅಷ್ಟು ಸಂಕಟಪಡುತ್ತಾನೆ.

ಅಮ್ಮ ಯೂನಿಫಾರಂ ಹೊಲಿಯುವುದನ್ನು ಬಿಟ್ಟು ಹಾಸಿಗೆ ಹಿಡಿದ ಮೇಲೆ ನಿಮಗೊಂದು ಮಾತು ಹೇಳಿದ್ದಳು. ನಾನು ನೀರಿನ ಲೋಟ ಹಿಡಿದು ಬಾಗಿಲಲ್ಲಿದ್ದೆ. "ರೀ, ನನ್ನ ಹೆಸರು ನೀವೇ ಬರೀರಿ. ಅಂಗಡಿ ಬೋರ್ಡ್ ತರ ನೆರಳು ಗಿರಳು ಹಾಕ್ಬೇಡಿ, ಸಣ್ಣಕ್ಕೆ ಬರೀರಿ." ನೀವು ನಕ್ಕು "ಆಗ್ಲಿ" ಅಂದಿರಿ. ದೇವರ ಮಾತು ಯಾವಾಗ ನೆರವೇರಿತು ಎಂದು ಲೆಕ್ಕ ಹಾಕುವವರು ನಿಮ್ಮ ಈ ಮಾತಿಗೂ ಒಂದು ಬಾಣ ಎಳೆಯಿರಿ.

ದೊಡ್ಡವಳು

*

ಏಪ್ರಿಲ್ 2

ಮಗಳೇ,

ಆಗಲಿ ಎಂದದ್ದು ನಿಜ. ಸಾಯುವವಳ ಮುಂದೆ ಕೂತು ಇಲ್ಲ ಎನ್ನುವ ಗಂಡಸು ಹುಟ್ಟಿಲ್ಲ.

ಟಿವಿ ನೋಡುತ್ತಿದ್ದೀಯ ತಾನೇ? ಇಸ್ರಾಯೇಲಿನಲ್ಲಿ ಮತ್ತೆ ಯುದ್ಧ. ಭಾನುವಾರ, ತಲೆಯೆತ್ತಿರಿ, ಬಿಡುಗಡೆ ಹತ್ತಿರವಾಯಿತು ಎಂದು ಸಾರಿದೆ. ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಮೆಟ್ಟಿಲ ಮೇಲೂ ಜನ. ಚಪ್ಪಾಳೆಗೆ ಕೆಳಗೆ ಪೇರಿಸಿಟ್ಟಿದ್ದ ಟೈರುಗಳು ಅದುರಿದವು ಎಂದು ಅಂಗಡಿಯವನು ನಕ್ಕ. ಇವರೆಲ್ಲ ದಡ್ಡರು, ನೀನೊಬ್ಬಳು ಜಾಣೆ. ಇರಲಿ.

ಆದರೆ ಒಂದು ಕೇಳುತ್ತೇನೆ. ನಿನ್ನ ಲೆಕ್ಕದಲ್ಲಿ ಎಲ್ಲ ಆಗಿಹೋಗಿದೆ. ಬಾಬಿಲೋನಿನಲ್ಲಿ ಇಷ್ಟು, ರೋಮಿನಲ್ಲಿ ಇಷ್ಟು, ಅಲ್ಲಿಗೆ ಬಾಗಿಲು ಹಾಕಿದ್ದೀಯ. ಹಾಗಾದರೆ ನಿನ್ನಮ್ಮ ಆ ಮಣ್ಣಿನಲ್ಲಿ ಯಾವ ಮಾತಿಗಾಗಿ ಕಾಯುತ್ತಿದ್ದಾಳೆ? ಆ ಜನಕ್ಕೆ ಕೊಟ್ಟ ಮಾತು ಕಣ್ಣೆದುರು ನಡೆಯುತ್ತಿದ್ದರೆ ತಾನೇ ನಮಗೆ ಕೊಟ್ಟದ್ದೂ ನಡೆಯುತ್ತದೆ ಎಂಬ ಧೈರ್ಯ? ಅದನ್ನು ಕಿತ್ತುಕೊಂಡು ನನ್ನ ಕೈಗೆ ಒಂದು ಕಲ್ಲು ಕೊಡಲು ಬಂದಿದ್ದೀಯ.

ಜಾಗ ಮರೆತುಹೋಗುತ್ತದೆಂದು ಹೆದರಬೇಡ. ಗೋಡೆಯ ಮೂಲೆಯಿಂದ ಏಳನೆಯದು. ಪಕ್ಕದ ನಲ್ಲಿ ಸೋರುತ್ತದೆ, ಆ ತೇವಕ್ಕೆ ಹುಲ್ಲು ಬೇಗ ಏಳುತ್ತದೆ. ಯಾರೋ ಕಿತ್ತು ಹಾಕುತ್ತಿರುತ್ತಾರೆ.

ಅಪ್ಪ

*

ಮೇ 11

ಅಪ್ಪನವರಿಗೆ,

ತಡವಾಯಿತು. ಮೂರು ಸಲ ಬರೆದು ಹರಿದೆ.

ಎಲ್ಲ ಮುಗಿಯಿತೆಂದು ನಾನು ಎಂದೂ ಹೇಳಿಲ್ಲ. ಸತ್ತವರು ಏಳುವುದು ಉಳಿದಿದೆ. ಅದಕ್ಕಾಗಿ ಅಮ್ಮ ಕಾಯುತ್ತಿದ್ದಾಳೆ, ನಾನೂ ಕಾಯುತ್ತಿದ್ದೇನೆ. ಅದನ್ನು ನಂಬಲು ನನಗೆ ಇನ್ನೊಂದು ದೇಶದ ಸುದ್ದಿ ಬೇಕಿಲ್ಲ, ಅಷ್ಟೇ. ಚಪ್ಪಾಳೆ ತಟ್ಟಿದಿರಲ್ಲ, ಆ ಯುದ್ಧದಲ್ಲಿ ಗಡಿಯ ಎರಡೂ ಕಡೆ ಮಕ್ಕಳನ್ನು ಹೂಳುತ್ತಿದ್ದಾರೆ. ಅವರ ತಾಯಂದಿರು ನಿಮ್ಮ ಗೋಡೆಯ ಚಿತ್ರದಲ್ಲಿ ಎಲ್ಲಿ ಬರುತ್ತಾರೆ? ಆ ಜನರ ಮೇಲೆ ನಿಮಗೆ ಪ್ರೀತಿ ಇದೆ ಎಂದುಕೊಂಡಿದ್ದೆ. ನಿಮಗೆ ಅವರು ಗಡಿಯಾರದ ಮುಳ್ಳು. ಎಷ್ಟು ಹೊತ್ತಾಯಿತೆಂದು ನೋಡುತ್ತೀರಿ, ಮುಳ್ಳಿಗೆ ನೋವಾಯಿತೇ ಎಂದು ಯಾರು ಕೇಳುತ್ತಾರೆ?

ಸಾಕು. ಜೂನ್ ಹತ್ತಿರ ಬರುತ್ತಿದೆ. ವಾದದಲ್ಲಿ ನೀವೇ ಗೆದ್ದಿರಿ ಎಂದಿಟ್ಟುಕೊಳ್ಳಿ. ಬೇಕಾದರೆ ಬರುತ್ತೇನೆ. ಹಾಲಿನಲ್ಲಿ, ಆ ಮಕ್ಕಳ ಮುಂದೆಯೇ, ನಾನು ಹೇಳಿದ್ದು ತಪ್ಪು, ಅಪ್ಪ ಹೇಳಿದ್ದೇ ಸರಿ ಎನ್ನುತ್ತೇನೆ. ಇಸ್ರಾಯೇಲಿಗೆ ಕೊಟ್ಟ ಒಂದು ಮಾತೂ ಇನ್ನೂ ನೆರವೇರಿಲ್ಲ ಎನ್ನಿ, ಅದನ್ನೂ ಒಪ್ಪುತ್ತೇನೆ. ಏನು ಬೇಕಾದರೂ ಹೇಳಿಸಿ. ಹೊಸ ಫಾರಂ ಇಟ್ಟಿದ್ದೇನೆ. ನಿಮ್ಮ ಕಾಲಿಗೆ ಬೀಳುತ್ತೇನೆ, ಸಹಿ ಹಾಕಿ.

ಮಗಳು

*

ಜೂನ್ 6

ಮಗಳೇ,

ಬರಬೇಡ. ನಂಬದೆ ಬಾಯಲ್ಲಿ ಹೇಳುವವರು ನನ್ನ ಹಾಲಿನಲ್ಲಿ ಈಗಾಗಲೇ ಸಾಕಷ್ಟು ಇದ್ದಾರೆ. ನಿನ್ನನ್ನು ಹೊರಗೆ ಹಾಕಿದ್ದು ನೀನು ನಿಜವಾಗಿ ನಂಬಿದ್ದನ್ನು ಹೇಳಿದ್ದಕ್ಕೆ. ಸುಳ್ಳು ಹೇಳಿ ಒಳಗೆ ಬಂದರೆ ನಿನ್ನ ಮುಖ ನೋಡಲಾರೆ.

ಇನ್ನೊಂದು ಕಾರಣ ನಿನಗೆ ಗೊತ್ತಿಲ್ಲ. ನಿನ್ನಮ್ಮ ಹೋದ ಅದೇ ವರ್ಷ ಟೈರ್ ಅಂಗಡಿಯವನ ಮಗು ಹೋಯಿತು, ಇನ್ನೂ ತೊಟ್ಟಿಲಲ್ಲಿದ್ದ ಕೂಸು. ಅವನು ಬಿಳಿ ಕಲ್ಲು ತಂದಿಟ್ಟಿದ್ದ. ನಾನೇ ಅವನ ಹೆಗಲ ಮೇಲೆ ಕೈಯಿಟ್ಟು, "ನನ್ನ ಹೆಂಡ್ತಿಗೇ ಹಾಕಿಲ್ಲ ಕಣಪ್ಪ, ನಿನಗ್ಯಾಕೆ ಅವಸರ?" ಎಂದೆ. ಅವನು ಕಲ್ಲನ್ನು ವಾಪಸು ಕೊಟ್ಟ. ಅವನನ್ನು ನೋಡಿ ಇನ್ನೆರಡು ಮನೆಯವರು ಬಿಟ್ಟರು. ಆ ಸಾಲಿನಲ್ಲಿ ಕಲ್ಲಿಲ್ಲದವರೆಲ್ಲ ನನ್ನ ಮಾತಿಗೆ ಬಿಟ್ಟವರೇ. ಈಗ ನಾನೊಬ್ಬ ಹೋಗಿ ನನ್ನವಳಿಗೆ ಕಲ್ಲು ನಿಲ್ಲಿಸಿದರೆ, ಅವನಿಗೆ ಏನು ಹೇಳಲಿ? ಬಸ್ಸು ರದ್ದಾಯಿತು ಎನ್ನಲೇ?

ಜೂನ್ ಮುಗಿಯಲು ಇನ್ನೂ ದಿನಗಳಿವೆ. ಅಷ್ಟರೊಳಗೆ ಆತ ಬರಬಹುದು.

ಅಪ್ಪ

*

ಜುಲೈ 14

ಅಕ್ಕಾ,

ನಿನಗೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ಫೋನಿನಲ್ಲಿ ಹೇಳಲು ಆಗಲಿಲ್ಲ. ಹೋದ ವಾರ ನೀನು ಎರಡು ಸಲ ಮಾಡಿದಾಗಲೂ ಎಲ್ಲ ಚೆನ್ನಾಗಿದೆ ಎಂದುಬಿಟ್ಟೆ.

ಎಂಟನೇ ತಾರೀಖು ಬೆಳಗ್ಗೆ ಗುಂಡಿ ತೋಡುವವನು ಮನೆ ಬಾಗಿಲಿಗೆ ಬಂದ. "ಅಯ್ಯನವರೇ, ಇವತ್ತು ಆ ಸಾಲು ಶುರು ಮಾಡ್ತಿದೀವಿ. ನಿಮಗೊಂದು ಮಾತು ಹೇಳೋಣ ಅಂತ" ಎಂದ. ಅಪ್ಪ "ಸರಿ" ಎಂದ, ಅಷ್ಟೇ. ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡ. ಕೈ ತೊಳೆದು ಬಂದವನು ಅಟ್ಟದಿಂದ ಹಳೆಯ ಬೋರ್ಡೊಂದನ್ನು ಇಳಿಸಿದ. ಯಾವುದೋ ಕ್ಷೌರದಂಗಡಿಯವರು ಬರೆಸಿ ಒಯ್ಯದೆ ಬಿಟ್ಟದ್ದು. ಅದನ್ನು ಹಿಂದುಮುಂದು ಮಾಡಿ, ನೆಲದ ಮೇಲೆ ಕೂತು ಅಮ್ಮನ ಹೆಸರು ಬರೆದ. ಅಕ್ಷರ ಒಂದೂ ಸೊಟ್ಟಗಾಗಲಿಲ್ಲ. ಬಣ್ಣ ಒಣಗುವವರೆಗೆ ಕಾಯಪ್ಪಾ ಎಂದೆ. ಕೇಳಲಿಲ್ಲ. ಎರಡೂ ಕೈಯಲ್ಲಿ ಎದುರಿಗೆ ಹಿಡಿದುಕೊಂಡು ರಸ್ತೆಯಲ್ಲಿ ಓಡಿದ. ಅಪ್ಪ ಓಡುವುದನ್ನು ನಾನು ಯಾವತ್ತೂ ನೋಡಿರಲಿಲ್ಲ.

ನಾವು ಹೋಗುವಷ್ಟರಲ್ಲಿ ಟೈರ್ ಅಂಗಡಿಯವರು ಅಲ್ಲಿದ್ದರು. ಅವರ ಮಗುವಿನ ಗುಂಡಿ ತೆಗೆದಾಗಿತ್ತು. ಅದರಲ್ಲಿ ಏನೂ ಸಿಕ್ಕಿರಲಿಲ್ಲ ಅಕ್ಕಾ. ಅಂಗಿಯ ಒಂದು ಗುಂಡಿ ಮಾತ್ರ, ಪ್ಲಾಸ್ಟಿಕ್ಕಿನದು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದರು. ಅಪ್ಪನನ್ನು ನೋಡಿದರು, ಬೋರ್ಡು ನೋಡಿದರು.

"ನಿಮ್ಮವರಿಗೆ ತಂದ್ರಾ?" ಎಂದರು.

ಅಪ್ಪ ಬೋರ್ಡನ್ನು ಎದೆಗೊತ್ತಿಕೊಂಡ.

"ನಾನೂ ತಂದಿದ್ದೆ ಅಯ್ಯನವರೇ. ಬಿಳೀದು. ನೀವೇ ವಾಪಸ್ ಕೊಡಿಸಿದ್ರಿ."

ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು. ಅಷ್ಟು ಹೇಳಿ ಹೊರಟುಹೋದರು. ಅಮ್ಮನ ಜಾಗವೂ ಖಾಲಿಯಾಗಿತ್ತು. ಸಾಲಿನಲ್ಲಿ ಸಿಕ್ಕಿದ್ದನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಹಿಂದಿನ ಗೋಡೆಯ ಹತ್ತಿರದ ದೊಡ್ಡ ಗುಂಡಿಗೆ ಹಾಕಿಬಿಟ್ಟಿದ್ದರು. ಅಪ್ಪ, "ಅವಳದಷ್ಟು ಕೊಡಿ" ಎಂದು ಗುಮಾಸ್ತನನ್ನು ಕೇಳಿದ. ಅವನು ಕಣ್ಣು ತಗ್ಗಿಸಿ, "ಯಾರದು ಯಾವುದು ಅಂತ ನಾನೇನು ಹೇಳ್ಲಿ?" ಎಂದ. ಅಪ್ಪ ಬೋರ್ಡು ಹಿಡಿದುಕೊಂಡು ಅತ್ತಿಂದಿತ್ತ ನೋಡಿದ. "ಇದನ್ನೆಲ್ಲಿ ನೆಡಲಿ?" ಎಂದು ಗುಂಡಿ ತೋಡುವವನನ್ನು ಕೇಳಿದ. ಅವನು ಗುದ್ದಲಿ ಹೆಗಲಿಗೇರಿಸಿ ಹೊರಟ. ಮನೆಗೆ ತಂದೆವು. ಬೋರ್ಡು ಮಂಚದ ಕೆಳಗಿದೆ. ಅಪ್ಪನ ಅಂಗಿಯ ಬಣ್ಣ ಹೋಗುತ್ತಿಲ್ಲ.

ಹಾಲಿನ ಬೀಗ ಬದಲಾಗಿದೆ. ಕಟ್ಟಡ ಟೈರ್ ಅಂಗಡಿಯವರದು, ಅವರಿಷ್ಟ. ಹೋದ ಭಾನುವಾರ ನಾಲ್ಕೈದು ಜನ ಮೆಟ್ಟಿಲವರೆಗೆ ಬಂದು ವಾಪಸಾದರು. ಅಪ್ಪ ಪ್ರತಿ ಶನಿವಾರ ಹುಲ್ಲು ಕೀಳಲು ಹೋಗುತ್ತಿದ್ದ, ಅದು ನಿನಗೆ ಗೊತ್ತಿತ್ತೋ ಇಲ್ಲವೋ. ಹೋದ ಶನಿವಾರ ಏನು ಮಾಡಬೇಕೆಂದು ತೋಚದೆ ಅಂಗಳ ಗುಡಿಸಿದ, ಗುಡಿಸಿದ್ದನ್ನೇ ಮತ್ತೆ.

ನಾನು ಈಗಲೂ ಅಪ್ಪ ನಂಬಿದ್ದನ್ನೇ ನಂಬುತ್ತೇನೆ. ಆ ಜನ ಹಿಂದಿರುಗಿ ಬಂದದ್ದು ಸುಮ್ಮನೆ ಅಲ್ಲ. ನಿನಗೆ ಬೇಜಾರಾದರೆ ಆಗಲಿ. ಆದರೆ ಇಷ್ಟು ತಿಂಗಳು ನೀವಿಬ್ಬರೂ ಬಾಬಿಲೋನ್, ರೋಮ್ ಎಂದು ಬರೆದುಕೊಂಡಿರಿ. ಪ್ರತಿ ಕಾಗದ ಬಂದಾಗಲೂ ಅಪ್ಪ ಅದನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದ, ಕಣ್ಣು ಮಂಜು, ನಿನ್ನ ಸಣ್ಣಕ್ಷರ ಅವನಿಗೆ ಕಾಣುವುದಿಲ್ಲ. ನಿನ್ನ ಒಂದು ಕಾಗದದಲ್ಲೂ "ಗುಬ್ಬಿ ಹೇಗಿದ್ದಾಳೆ" ಎಂದಿರಲಿಲ್ಲ.

ಈಗ ಬರಬೇಡ. ನಿನ್ನ ಮುಖ ನೋಡಿದರೆ ಅಪ್ಪ ಇನ್ನಷ್ಟು ಕುಸಿಯುತ್ತಾನೆ.

ಗುಬ್ಬಿ

*

ಆಗಸ್ಟ್ 2

ಮಗಳೇ,

ಗುಬ್ಬಿ ಬರೆದಳೆಂದು ಗೊತ್ತಾಯಿತು. ಆದದ್ದನ್ನು ಮತ್ತೆ ಬರೆಯುವುದಿಲ್ಲ.

ನೀನು ಗೆದ್ದೆ ಎಂದು ಬರೆಯಲು ಕೂತೆ. ಆಗಲಿಲ್ಲ. ನಾನು ಸಾರಿದ್ದು ಸುಳ್ಳೆಂದು ಈಗಲೂ ಅನ್ನಿಸುತ್ತಿಲ್ಲ. ಆತ ಬರುತ್ತಾನೆ. ಆದರೆ ಸಿಮೆಂಟ್ ಒಣಗುವುದರೊಳಗೆ ಎಂದು ಯಾವ ಪ್ರವಾದಿಯೂ ಹೇಳಿರಲಿಲ್ಲ. ಅದು ನಾನು ಸೇರಿಸಿದ್ದು.

ಟೈರ್ ಅಂಗಡಿಯ ಮುಂದೆ ನಡೆದು ಹೋಗುವುದನ್ನು ಬಿಟ್ಟಿದ್ದೇನೆ. ಸುತ್ತು ಹಾಕಿ ಹೋಗುತ್ತೇನೆ.

ಒಂದು ಕೇಳಬೇಕಾಗಿದೆ. ಆ ದೊಡ್ಡ ಗುಂಡಿಯಲ್ಲಿ ಎಲ್ಲರೂ ಕಲಸಿಹೋಗಿದ್ದಾರೆ. ಕರೆಯುವ ದಿನ ಅವಳು ಯಾರೆಂದು ಆತನಿಗೆ ತಿಳಿಯುತ್ತದೆಯೇ? ಬೇರೆಯವರಿಗೆ ಇದಕ್ಕೆ ಉತ್ತರವನ್ನು ನೂರು ಸಲ ಹೇಳಿದ್ದೇನೆ. ನನಗೆ ಹೇಳುವವರು ಇಲ್ಲ.

ಅಪ್ಪ

*

ಆಗಸ್ಟ್ 25

ಅಪ್ಪನವರಿಗೆ,

ತಿಳಿಯುತ್ತದೆ. ಆತನಿಗೆ ಕಲ್ಲೂ ಬೇಕಿಲ್ಲ, ಹೆಸರೂ ಬೇಕಿಲ್ಲ. ಬೇಕಾಗಿದ್ದುದು ನಮಗೆ.

ಇದಕ್ಕಿಂತ ಮೆತ್ತಗೆ ಬರೆಯಬೇಕೆಂದಿದ್ದೆ. ಬರುತ್ತಿಲ್ಲ. ಗುಬ್ಬಿಗೆ ಬೇರೆ ಬರೆದಿದ್ದೇನೆ. ಅದನ್ನು ಓದಿಸಿಕೊಳ್ಳಬೇಡಿ, ಅದು ಅವಳದು.

ಹೋದ ಗುರುವಾರ ನಾನು ಅಲ್ಲಿಗೆ ಬಂದಿದ್ದೆ. ಮನೆಗೆ ಬರಲಿಲ್ಲ. ಬಸ್ಸಿಳಿದು ನೇರ ಸಮಾಧಿ ತೋಟಕ್ಕೆ ಹೋದೆ. ಗೋಡೆಯ ಮೂಲೆಯಿಂದ ಎಣಿಸಿಕೊಂಡು ಬಂದೆ. ಏಳನೆಯದಕ್ಕೆ ಆಗಲೇ ಕಲ್ಲು ಬಂದಿದೆ, ಹೊಳೆಯುವ ಕರಿಯ ಕಲ್ಲು. ಯಾರೋ ಗಂಡಸಿನ ಹೆಸರು. ಅವರ ಹೆಂಡತಿ ಒದ್ದೆ ಬಟ್ಟೆಯಲ್ಲಿ ಆ ಹೆಸರನ್ನು ಒರೆಸುತ್ತ ಕೂತಿದ್ದರು, ಒಂದೊಂದೇ ಅಕ್ಷರದೊಳಗೆ ಬೆರಳಿಟ್ಟು. ನಾನು ನಿಂತದ್ದು ನೋಡಿ ಸ್ವಲ್ಪ ಸರಿದರು.

"ಬಿಸಿಲು ಜೋರಿದೆ, ಈ ಕಡೆ ನೆರಳಿಗೆ ಬನ್ನಿ" ಎಂದರು.

ಹೋಗಿ ಪಕ್ಕದಲ್ಲಿ ನಿಂತೆ. ಆಮೇಲೆ ಅವರು ಬಟ್ಟೆ ಹಿಂಡುತ್ತ ಕೇಳಿದರು.

"ನಿಮ್ಮವರು ಯಾರಾದ್ರೂ ಇಲ್ಲಿದಾರಾ?"

ಅವರ ಕೈ ಇನ್ನೂ ಆ ಕಲ್ಲಿನ ಮೇಲೇ ಇತ್ತು.

"ಇಲ್ಲ" ಎಂದೆ.

ಮಗಳು